ಒಲೆ ಕ್ಷೇತ್ರದ ಮಾನ್ಯ ಸದಸ್ಯೆ

ಒದ್ದೆ ಉಣ್ಣೆಯ ವಾಸನೆ, ನೆನೆದ ಕುರಿಗಳನ್ನೆಲ್ಲ ಒಂದೇ ಕೋಣೆಗೆ ಕೂಡಿಹಾಕಿದ ಹಾಗೆ, ಹೊರಗೆ ಮಾರ್ಚಿನ ಕೊಳಕು ಹಿಮ, ಇಲ್ಲಿ ಊರವರ ಕೋಟುಗಳೆಲ್ಲ ಗೂಟಕ್ಕೆ ತೂಗಿಕೊಂಡು ತೊಟ್ಟಿಕ್ಕುತ್ತಿವೆ, ಇದು ಎಲ್ಮರನದು, ದೋಣಿಯ ಡೀಸೆಲ್ಲೂ ಹಳಸಿದ ಮೀನೂ ಸೇರಿದ ವಾಸನೆ, ಇದು ಅಮ್ಮನ ನೀಲಿ ಕೋಟು, ಜೇಬಿನಲ್ಲಿ ಪೆಪ್ಪರಮೆಂಟು ಇರಲೇಬೇಕು, ಮಾರ್ಸಲಿ ಕೈ ಹಾಕಿದಳು, ಇತ್ತು, ಬಾಯಿಗೆ ಹಾಕಿಕೊಂಡಳು, ಇಂಥ ಹೊತ್ತಲ್ಲೂ ನಿನಗೆ ಪೆಪ್ಪರಮೆಂಟು ಬೇಕಾಯಿತೇನೇ ಎಂದು ತನ್ನ ಮೇಲೇ ಸಿಟ್ಟು ಬಂತು, ಆದರೂ ಉಗುಳಲಿಲ್ಲ — ಬಾಗಿಲಾಚೆ ಸಭಾಂಗಣದಲ್ಲಿ ಚಪ್ಪಾಳೆ ಇನ್ನೂ ನಿಂತಿಲ್ಲ, ಅದು ಅವಳಿಗೇ ಹೊಡೆಯುತ್ತಿರುವ ಚಪ್ಪಾಳೆ, ಈಗಷ್ಟೇ ಅಪ್ಪ ವೇದಿಕೆ ಹತ್ತಿ, ಸೇಂಟ್ ಬ್ರೆಂಡನ್ ಕ್ಷೇತ್ರದ ಪಕ್ಷದವರೆಲ್ಲರ ಮುಂದೆ, ನನ್ನ ಮಗಳು ಈ ಸಲ ಚುನಾವಣೆಗೆ ನಿಲ್ತಾ ಇಲ್ಲ, ತಾನಾಗೇ ದಾರಿ ಬಿಟ್ಟುಕೊಡ್ತಿದಾಳೆ, ದಣಿದಿದಾಳೆ ಪಾಪ, ಎಂದು ಹೇಳಿಬಿಟ್ಟ. ತಾನು ದಣಿದಿರುವುದು ಅವಳಿಗೇ ಗೊತ್ತಿರಲಿಲ್ಲ. ಅಪ್ಪನ ಬಾಯಿಂದ ಕೇಳಿ ಊರಿನ ಜೊತೆಗೇ ತಿಳಿದುಕೊಂಡಳು, ಎದ್ದಳು, ನಗುತ್ತಲೇ ಎದ್ದಳೋ ಏನೋ, ಮುಖ ಏನು ಮಾಡಿತೋ, ಯಾರೋ ಬೆನ್ನು ತಟ್ಟಿದರು, ಯಾರೋ ಅಯ್ಯೋ ಅಳ್ತಿದಾಳೆ ಮಗು ಎಂದರು, ಕಾಲುಗಳು ತಾವಾಗಿಯೇ ಈ ಕಿಟಕಿಯಿಲ್ಲದ ಕೋಟು ಕೋಣೆಗೆ ಬಂದು, ಬೂಟು ಕಳಚುವ ಬೆಂಚಿನ ಮೇಲೆ ಅವಳನ್ನು ಕೂರಿಸಿದವು. ಈಗ ಥೆಲ್ಮಾಳ ದನಿ, ಅಧ್ಯಕ್ಷೆ ಥೆಲ್ಮಾ, ಮೂಗಿನಿಂದ ಮಾತಾಡುವವಳು, ನಮ್ಮ ಅಭ್ಯರ್ಥಿಯಾಗಿ ಶ್ರೀ ವಿಕರ್ಸ್ ಅವರ ಹೆಸರು ಬಂದಿದೆ, ಅನುಮೋದನೇನೂ ಆಗಿದೆ, ಬೇರೆ ಯಾರ ಹೆಸರಾದ್ರೂ ಹೇಳೋರಿದೀರಾ, ಮೊದಲನೇ ಸಲ ಕೇಳ್ತಿದೀನಿ. ಮೂರು ಸಲ ಕೇಳಬೇಕು, ನಡುನಡುವೆ ಒಂದು ಕಪ್ ಟೀ ಕುಡಿಯುವಷ್ಟು ಬಿಡುವು ಕೊಡಬೇಕು, ಬೇರೆಲ್ಲೂ ಇಲ್ಲದ ಈ ರೂಢಿ ಹುಟ್ಟಿದ್ದೇ ರೋರಿ ತಾತನಿಗಾಗಿ, ಅವನ ಜಾರುಬಂಡಿ ಹಿಮದಲ್ಲಿ ಹೂತು, ಅವನು ಬಂದು ಮುಟ್ಟುವಷ್ಟರಲ್ಲಿ ಸಭೆ ಮುಗಿದೇಹೋಗುತ್ತಿತ್ತಂತೆ, ಯಾರೋ ಪುಣ್ಯಾತ್ಮರು ಟೀ ಹೆಸರಲ್ಲಿ ಎಳೆದಾಡಿ ಕಾಯಿಸಿದರಂತೆ. ಅಂದಿನಿಂದ ಈ ಸಭಾಂಗಣದಲ್ಲಿ ಹೀಗೆ ಅವಳ ಮನೆತನದ ಬೀಟನ್ನರಿಗಾಗಿ ಕಾಯುತ್ತಾರೆ.

ಆಚೆ ಕಪ್ಪುಗಳ ಸದ್ದು. ಬಾಗಿಲಡಿಯಲ್ಲಿ ಬೆಳಕಿನ ಪಟ್ಟಿ, ನೆಲ ಸವೆದು ಸವೆದು ಬಾಗಿಲಿಗೂ ನೆಲಕ್ಕೂ ನಡುವೆ ಅಂಗೈ ತೂರುವಷ್ಟು ಸಂದಿ — ಮನೆಯ ಹಿಂಬಾಗಿಲಿಗೂ ಹೀಗೇ ಸಂದಿಯಿತ್ತು, ಅದರಡಿಯಿಂದ ಹಳದಿ ಬೆಳಕು, ಆಲೂಗಡ್ಡೆಯ ಹಬೆ, ಫೋರ್ಕುಗಳ ಸದ್ದು, ಕೆನ್ನೆಯನ್ನು ನೆಲಕ್ಕೆ ಒತ್ತಿ ಮಲಗಿದರೆ ಎಲ್ಲ ಕಾಣುತ್ತಿತ್ತು, ಅಮ್ಮನ ಚಪ್ಪಲಿ, ತಮ್ಮನ ತೂಗಾಡುವ ಕಾಲು, ಅಪ್ಪನ ಬೂದು ಕಾಲುಚೀಲ. ಅಪ್ಪ ಒಟ್ಟಾವಾದ ಪಾರ್ಲಿಮೆಂಟಿನಿಂದ ಮನೆಗೆ ಬಂದ ದಿನ ಊಟದ ಮೇಜೇ ಸಂಸತ್ತು. ಆಲೂಗಡ್ಡೆ ಹಿಸುಕುವ ಮರದ ಕೋಲನ್ನು ತೊಳೆದು ಮೇಜಿನ ನಡುವೆ ಅಡ್ಡ ಇಡುತ್ತಿದ್ದ, ಸಭಾಧ್ಯಕ್ಷರ ಮುಂದೆ ಇಡುವ ಗದೆ ಅದೇ, ಗದೆ ಮೇಜಿನ ಮೇಲಿರುವಷ್ಟು ಹೊತ್ತೂ ಸದನ ನಡೆಯುತ್ತಿದೆ, ಯಾರೂ ಯಾರ ಹೆಸರನ್ನೂ ಎತ್ತುವಂತಿಲ್ಲ. ಒಲೆಯ ಪಕ್ಕ ಕೂರುವ ಮಾರ್ಸಲಿ ಒಲೆ ಕ್ಷೇತ್ರದ ಮಾನ್ಯ ಸದಸ್ಯೆ, ತಮ್ಮ ಕಿಟಕಿ ಕ್ಷೇತ್ರದ ಮಾನ್ಯ ಸದಸ್ಯ, ಅಮ್ಮ ಪಾತ್ರೆ ತೊಳೆಯುವ ಕ್ಷೇತ್ರದವಳು, ನನ್ನ ಕ್ಷೇತ್ರಕ್ಕೆ ಅನುದಾನವೂ ಬರಲ್ಲ, ಮಾತಾಡೋಕೆ ಸಮಯವೂ ಸಿಗಲ್ಲ ಸಭಾಧ್ಯಕ್ಷರೇ, ಬರೀ ಪಾತ್ರೆ ಬರುತ್ತೆ, ಎಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದಳು, ಅಪ್ಪ ಮೇಜು ಬಡಿದು ನಗುತ್ತಿದ್ದ, ಸಾಸರಿನ ಗ್ರೇವಿ ಚೆಲ್ಲುತ್ತಿತ್ತು. ನಿಯಮ ಒಂದೇ, ಸುಳ್ಳುಗಾರ ಎನ್ನುವಂತಿಲ್ಲ, ಅದು ಅಸಂಸದೀಯ, ತಮ್ಮ ನಿಜವಾಗಿಯೂ ಸುಳ್ಳು ಹೇಳುತ್ತಿದ್ದರೂ ಎನ್ನುವಂತಿಲ್ಲ. ಅವಳು ಎನ್ನುತ್ತಿದ್ದಳು. ಮಾನ್ಯ ಸದಸ್ಯೆ ಆ ಪದ ವಾಪಸ್ ತಗೋಬೇಕು. ತಗೊಳಲ್ಲ. ಕೊನೇ ಸಲ ಹೇಳ್ತಿದೀನಿ. ತಗೊಳಲ್ಲ, ಅವನೇ ಬಿಸ್ಕತ್ತು ತಿಂದಿದ್ದು, ನೋಡು ಬಾಯಿಗೆ ಸಕ್ಕರೆ ಅಂಟಿದೆ. ಆಗ ಅಪ್ಪ ಎದ್ದು ನಿಲ್ಲುತ್ತಿದ್ದ, ಮುಖದಿಂದ ಅಪ್ಪ ಹೊರಟುಹೋಗಿ ಇನ್ಯಾರೋ ಬಂದು ಕೂರುತ್ತಿದ್ದ, ನಿಧಾನವಾಗಿ, ಒಂದೊಂದನ್ನೂ ಬಿಡಿಸಿ — ಮಾರ್ಸಲಿ. ಕ್ಯಾಥರಿನ್. ಬೀಟನ್. ಅಷ್ಟೇ. ಸದನದಲ್ಲಿ ಸಭಾಧ್ಯಕ್ಷ ನಿನ್ನನ್ನು ಹೆಸರು ಹಿಡಿದು ಕರೆದ ಎಂದರೆ ನೀನು ಹೊರಗೆ, ಬೇರೆ ಮಾತಿಲ್ಲ, ತಟ್ಟೆ ಬಿಟ್ಟು ಹಿಂಬಾಗಿಲಾಚೆಯ ತಣ್ಣನೆ ಕೋಣೆಗೆ, ರಬ್ಬರ್ ಬೂಟುಗಳ ಪಕ್ಕಕ್ಕೆ.

ಆದರೆ ಅಪ್ಪ ಬರುತ್ತಿದ್ದ. ಅದನ್ನು ಮರೆಯಲಾಗದು, ಅದೇ ಈಗ ಚುಚ್ಚುತ್ತಿರುವುದು, ಪ್ರತಿ ಸಲವೂ ಬರುತ್ತಿದ್ದ, ಬೆಳಕಿನ ಪಟ್ಟಿಯೊಳಗೆ ಬೂದು ಕಾಲುಚೀಲಗಳೆರಡು ಬಂದು ನಿಲ್ಲುತ್ತಿದ್ದವು, ಬೆರಳು ಅವಳ ಕಡೆಗೆ, ಚೀಲದ ತೂತಿನಿಂದ ಹೆಬ್ಬೆರಳು ಇಣುಕಿ ಕುಣಿಯುತ್ತಿತ್ತು, ಅವಳು ಸಂದಿಯಿಂದ ಕೈ ತೂರಿಸಿ ಅದನ್ನು ಹಿಡಿಯುತ್ತಿದ್ದಳು, ಮೇಲಿನಿಂದ ದನಿ, ಒಲೆ ಕ್ಷೇತ್ರದ ಮಾನ್ಯ ಸದಸ್ಯೇನ ಸದನ ವಾಪಸ್ ಕರೀತಿದೆ, ಬೇಗ ಬಾರೇ, ಆಲೂಗಡ್ಡೆ ಆರ್ತಿದೆ. ಹೊರಗೆ ಹಾಕಿಸಿಕೊಳ್ಳುವುದೆಂದರೆ ಅವಳಿಗೆ ಭಯವೇ ಇರಲಿಲ್ಲ ಆಮೇಲೆ, ಹೆಬ್ಬೆರಳಿಗಾಗಿ ಬೇಕೆಂದೇ ಸುಳ್ಳುಗಾರ ಎಂದದ್ದೂ ಇದೆ. ಕಾಲೇಜಿನ ಮೊದಲ ವರ್ಷ ನಿಜವಾದ ಸದನಕ್ಕೇ ಹೋದಳು, ಸದಸ್ಯರಿಗೆ ನೀರು ತಂದುಕೊಡುವ ಹುಡುಗಿಯಾಗಿ, ಕಪ್ಪು ಕೋಟು, ಬಿಳಿ ಕಾಲರು, ಅಲ್ಲಿ ಅಪ್ಪ ಮಂತ್ರಿ, ಅವಳ ಗುರುತೇ ಇಲ್ಲದವನಂತೆ ಲೋಟ ತೆಗೆದುಕೊಂಡು ಥ್ಯಾಂಕ್ಯೂ ಎಂದ, ಮೇಜಿನಡಿ ಮಾತ್ರ ತನ್ನ ಬೂಟಿನ ತುದಿಯಿಂದ ಅವಳ ಬೂಟನ್ನು ಮೆಲ್ಲಗೆ ತಟ್ಟಿದ. ಅಷ್ಟು ಸಾಕಿತ್ತು ಅವಳಿಗೆ. ನಾನೂ ಇಲ್ಲೇ ಕೂರುತ್ತೇನೆ ಎಂದು ಅಂದೇ ಗಟ್ಟಿಮಾಡಿಕೊಂಡಳು, ಅಪ್ಪನಿಗೆ ಎದೆನೋವು ಬಂದು, ಎದೆ ಸೀಳಿ ಹೊಲಿದು, ಇನ್ನು ಸಾಕು ಎಂದು ಅವನು ರಾಜೀನಾಮೆ ಕೊಟ್ಟಾಗ ಉಪಚುನಾವಣೆಗೆ ನಿಂತಳು, ಕೆಂಪು ಮಣ್ಣಿನ ದಾರಿಗಳಲ್ಲಿ ಮನೆ ಮನೆ ತಿರುಗಿದಳು, ಈ ದ್ವೀಪದಲ್ಲಿ ಬಾಗಿಲು ತೆರೆದವರು ಕೇಳುವುದು ಒಂದೇ, ಎಲ್ಲರೂ ಅದನ್ನೇ, ನಿಮ್ಮಪ್ಪ ಯಾರಮ್ಮ? ಲಾಕ್ಲನ್ ಬೀಟನ್. ಓ, ರೋರಿ ಮೊಮ್ಮಗಳಾ, ಎಂದಳು ಒಬ್ಬ ಮುದುಕಿ, ಬಾ ಬಾ ಒಳಗೆ, ನಿಮ್ಮ ತಾತ ನಮ್ಮ ರಸ್ತೆಗೆ ಡಾಂಬರು ಹಾಕಿಸ್ತೀನಿ ಅಂದಿದ್ದ ಕಣಮ್ಮ, ನಾನಿನ್ನೂ ಕಾಯ್ತಾನೇ ಇದೀನಿ, ಟೀ ಕುಡೀತೀಯಾ? ನಗುತ್ತಿದ್ದಳು, ಕುಡಿಯುತ್ತಿದ್ದಳು, ಹೊಟ್ಟೆ ಟೀ ಡ್ರಮ್ಮಿನಂತಾಗುತ್ತಿತ್ತು. ನಿನ್ನ ಹೆಸರೇನು ಎಂದು ಒಬ್ಬರೂ ಕೇಳಲಿಲ್ಲ, ಅದು ಅವಳಿಗೆ ಹೊಳೆದದ್ದೂ ಈಗ, ಈ ಬೆಂಚಿನ ಮೇಲೆ.

ಗೆದ್ದು ಹೋದ ಸದನದಲ್ಲೂ ಹೆಸರಿಲ್ಲ, ಸೇಂಟ್ ಬ್ರೆಂಡನ್ ಕ್ಷೇತ್ರದ ಮಾನ್ಯ ಸದಸ್ಯೆ, ಅದು ತಾತನೂ ಆಗಿದ್ದದ್ದು ಅಪ್ಪನೂ ಆಗಿದ್ದದ್ದು, ಅವರ ಬಟ್ಟೆಯನ್ನೇ ಹಿಡಿಸಿ ಹೊಲಿಸಿಕೊಂಡ ಹಾಗೆ, ಹಿತವಾಗಿತ್ತು, ಸುಳ್ಳೇಕೆ. ಎರಡು ವರ್ಷ ಹೇಳಿದ ಕಡೆ ಕೈ ಎತ್ತಿದಳು, ಹೇಳಿದ ಕಡೆ ಮೇಜು ಬಡಿದಳು. ಆಮೇಲೆ ಹಡಗಿನ ವಿಷಯ ಬಂತು, ದ್ವೀಪದಿಂದ ಆಚೆ ದಡಕ್ಕೆ ಹೋಗುವ ಒಂದೇ ಹಡಗು, ಆಲೂಗಡ್ಡೆಯ ಲಾರಿ, ಎಲ್ಮರನ ಲಾಬ್‌ಸ್ಟರ್ ಪೆಟ್ಟಿಗೆ, ಹೆರಿಗೆಗೆ ಹೋಗುವ ಹೆಂಗಸರು ಎಲ್ಲ ಅದರಲ್ಲೇ, ಅದನ್ನು ನಿಲ್ಲಿಸುತ್ತೇವೆ ಎಂದ ಸಾರಿಗೆ ಮಂತ್ರಿ, ತನ್ನದೇ ಪಕ್ಷದ ಮಂತ್ರಿ, ಉಳಿಸುತ್ತೇನೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ ಎಂದ. ಕೊಟ್ಟಿದ್ದ. ನಮ್ಮ ದೋಣಿ ಧಕ್ಕೆಯ ಮೇಲೆ ನಿಂತು, ಎಲ್ಮರ್ ಬೇಯಿಸಿಕೊಟ್ಟ ಲಾಬ್‌ಸ್ಟರ್ ಕೊಂಡಿ ಚೀಪುತ್ತಾ, ಗಡ್ಡಕ್ಕೆ ಬೆಣ್ಣೆ ಇಳಿಸಿಕೊಂಡು ಕೊಟ್ಟಿದ್ದ, ಅವಳು ಪಕ್ಕದಲ್ಲೇ ಇದ್ದಳು, ಕರವಸ್ತ್ರ ಕೊಟ್ಟವಳೂ ಅವಳೇ. ಎದ್ದು ಸುಳ್ಳುಗಾರ ಎಂದಳು. ವಿರೋಧ ಪಕ್ಷದವರಿಗೆ ಹಬ್ಬ. ಮಾನ್ಯ ಸದಸ್ಯೆ ಆ ಪದ ಹಿಂತೆಗೆದುಕೊಳ್ಳಬೇಕು. ಇಲ್ಲ ಸಭಾಧ್ಯಕ್ಷರೇ. ಮತ್ತೆ ಕೇಳಿದರು, ಇಲ್ಲ, ಮತ್ತೆ, ಇಲ್ಲ, ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಮೂಗಿಗೆ ಆಲೂಗಡ್ಡೆಯ ಹಬೆ ಬಡಿಯುತ್ತಿತ್ತು. ಸಭಾಧ್ಯಕ್ಷ ಎದ್ದ, ಅವಳ ಹೆಸರು ಕರೆದ, ಹೊರಗೆ ಹೋದಳು. ಆ ಉದ್ದನೆ ಪಡಸಾಲೆಯಲ್ಲಿ ನಿಂತು ಹಿಂತಿರುಗಿ ನೋಡಿದಳು, ಅಷ್ಟು ದೊಡ್ಡ ಬಾಗಿಲು, ಅಡಿಯಲ್ಲಿ ಕೂದಲೆಳೆಯಷ್ಟೂ ಸಂದಿಯಿಲ್ಲ, ನಗು ಬಂತು. ಸಂಜೆ ಅಪ್ಪನ ಫೋನು, ಹೆಸರು ಕರೆಸ್ಕೊಂಡ್ಯಂತಲ್ಲೇ! ನಿಮ್ಮ ತಾತನಿಗೂ ಸಿಗಲಿಲ್ಲ ಆ ಭಾಗ್ಯ, ನಂಗೂ ಸಿಗಲಿಲ್ಲ, ನನ್ನ ಮಗಳೇ! ಅಪ್ಪ, ಪಕ್ಷದ ನಾಯಕರು ಕೆಂಡ ಆಗಿದಾರೆ, ಮುಂದಿನ ಸಲ ಟಿಕೆಟ್ ಕೊಡಲ್ಲ ಅಂತಿದಾರೆ. ಟಿಕೆಟ್ ಕೊಡೋದು ಊರವರು ಕಣೇ, ಅವರಪ್ಪನಾ? ನಿನ್ನ ಹೆಸರು ನಾನೇ ಸೂಚಿಸ್ತೀನಿ, ಬೇರೆ ಯಾರಿಗೂ ಬಿಡಲ್ಲ, ಅದು ನನ್ನ ಹಕ್ಕು. ಫೋನಿಗೇ ಮುತ್ತು ಕೊಟ್ಟಿದ್ದಳು, ಮೂವತ್ತು ದಾಟಿದ ಕತ್ತೆ.

ಎರಡನೇ ಸಲ ಕೇಳ್ತಿದೀನಿ. ಥೆಲ್ಮಾ. ಯಾರೋ ಕೆಮ್ಮಿದರು, ಕುರ್ಚಿ ಜರುಗಿತು. ಒಬ್ಬರು ಹೆಸರು ಹೇಳಬೇಕು, ಇನ್ನೊಬ್ಬರು ಹೂಂ ಎನ್ನಬೇಕು, ಅವಳು ಎಲ್ಲರೆದುರು ನಿಂತು ಒಪ್ಪಿದೆ ಎನ್ನಬೇಕು, ಅಷ್ಟೇ ಬೇಕಾದದ್ದು, ಎಲ್ಮರ್ ಹೇಳಬಹುದು, ಹಡಗು ಉಳಿಸಲು ಹೋಗಿ ತಾನೇ ಅವಳು ಮುಳುಗಿದ್ದು — ಎಲ್ಮರ್ ಹೇಳುವುದಿಲ್ಲ. ಎಲ್ಮರನಿಗೆ ಗೊತ್ತಿತ್ತು. ಮಧ್ಯಾಹ್ನ ಬಾಗಿಲಲ್ಲಿ ಅಪ್ಪನ ಕೋಟು ಇಸಿದುಕೊಳ್ಳುತ್ತಾ, ಬಾಯಲ್ಲಿ ರಮ್ಮಿನ ವಾಸನೆ, ಕೊಡಿ ಕೊಡಿ ಸೆನೆಟರ್ ಸಾಹೇಬ್ರೇ, ಎಂದನಲ್ಲ, ಅಪ್ಪ ಜೋರಾಗಿ ನಕ್ಕನಲ್ಲ, ನಗಬೇಕಾದ್ದಕ್ಕಿಂತ ಜೋರಾಗಿ, ಅವಳೂ ನಕ್ಕಳಲ್ಲ. ಸೆನೆಟ್, ಮೇಲ್ಮನೆ, ಚುನಾವಣೆಯೇ ಇಲ್ಲದ ಕುರ್ಚಿ, ಪ್ರಧಾನಿಯಾಗಿರುವ ನಾಯಕ ಕರೆದು ಕೂರಿಸಿದರೆ ಸಾಕು, ಎಪ್ಪತ್ತೈದು ತುಂಬುವವರೆಗೆ ಯಾರೂ ಅಲ್ಲಾಡಿಸುವ ಹಾಗಿಲ್ಲ. ಹೋದ ತಿಂಗಳು ಅಮ್ಮ, ನಿಮ್ಮಪ್ಪನ್ನ ನಾಯಕರು ಊಟಕ್ಕೆ ಕರೆದಿದ್ರು ಕಣೇ, ಒಟ್ಟಾವಾಕ್ಕೆ ಹೋಗಿಬಂದ, ಎಂದಳು, ಪಾಪ ಅಪ್ಪ, ಹೊಲಿದ ಎದೆ ಹೊತ್ತುಕೊಂಡು ವಿಮಾನ ಹತ್ತಿ ಮಗಳಿಗಾಗಿ ಬೇಡಿಕೊಳ್ಳಲು ಹೋಗಿದ್ದಾನೆ ಎಂದುಕೊಂಡು ಮಾರ್ಸಲಿ ಅತ್ತಿದ್ದಳು, ಏನಾಯ್ತಪ್ಪ? ಎಲ್ಲಾ ಸರಿಮಾಡಿ ಬಂದಿದೀನಿ ಮಗಳೇ, ನೀನು ತಲೆ ಕೆಡಿಸ್ಕೋಬೇಡ. ಸರಿ ಮಾಡಿಯೇ ಬಂದಿದ್ದ. ಟೊರಾಂಟೊದ ಟೀವಿಯಲ್ಲಿ ಸುದ್ದಿ ಓದುತ್ತಿದ್ದ ವಿಕರ್ಸ್, ಬೇಸಿಗೆಗೆ ಮಾತ್ರ ಇಲ್ಲಿ ಬಂದು ಸಮುದ್ರದ ಫೋಟೋ ತೆಗೆಯುವ ವಿಕರ್ಸ್, ನಾಯಕನ ದೋಸ್ತಿ ವಿಕರ್ಸ್, ಅವನ ಅಪ್ಪ ಯಾರೆಂದು ಈ ದ್ವೀಪದಲ್ಲಿ ಒಬ್ಬರಿಗೂ ಗೊತ್ತಿಲ್ಲ, ಅವನಿಗೆ ಸೇಂಟ್ ಬ್ರೆಂಡನ್, ಅಪ್ಪನಿಗೆ ಮೇಲ್ಮನೆ, ಅವಳಿಗೆ ದಣಿವು. ಮತ್ತೆ ಆ ಹೊಸ ಬೂಟು! ರಾಜೀನಾಮೆ ಕೊಟ್ಟಾಗಿನಿಂದ ರಬ್ಬರ್ ಬೂಟಿನಲ್ಲೇ ಓಡಾಡುತ್ತಿದ್ದ ಮನುಷ್ಯ ಇವತ್ತು ಕರಿ ಬೂಟು ಹಾಕಿಕೊಂಡು ಕಾರು ಹತ್ತಿದ, ಕನ್ನಡಿ ಹಾಗೆ ಹೊಳೆಯುತ್ತಿತ್ತು, ಹಿಮ್ಮಡಿಯ ಬಳಿ ಅಂಗಡಿಯ ಹಳದಿ ಚೀಟಿ ಇನ್ನೂ ಅಂಟಿತ್ತು, ನನಗೋಸ್ಕರ ಕೊಂಡೆಯಾ ಅಪ್ಪ, ಎಂದು ಕೇಳಿದ್ದಳು, ಅವನು ಕಿಟಕಿಯಾಚೆ ನೋಡುತ್ತಾ ಹೂಂ ಎಂದಿದ್ದ. ಚೀಟಿ ಕೀಳಲು ಬಗ್ಗಿದಳು, ಬಿಡೇ ಬಿಡೇ ಎಂದು ಕಾಲು ಎಳೆದುಕೊಂಡ.

ಮತ್ತೆ ವೇದಿಕೆ, ಎಷ್ಟು ಚೆನ್ನಾಗಿ ಶುರುಮಾಡಿದ, ಸೇಂಟ್ ಬ್ರೆಂಡನ್ನಿನ ಮಾನ್ಯ ಸದಸ್ಯೆ, ಧಕ್ಕೆಯ ಮೇಲೆ ಬೆಳೆದವಳು, ಯಾರಿಗೂ ತಲೆ ಬಾಗದವಳು, ಜನ ನೆಲಕ್ಕೆ ಕಾಲು ಬಡಿದರು, ಟೀ ಡ್ರಮ್ಮಿನ ಹಿಂದಿನಿಂದ ಅಮ್ಮ ಕಣ್ಣೊರೆಸಿಕೊಂಡಳು, ಅಮ್ಮನಿಗೂ ಗೊತ್ತಿರಲಿಲ್ಲ, ದೇವರೇ, ಗೊತ್ತಿದ್ದರೆ ಹಾಗೆ ಒರೆಸಿಕೊಳ್ಳುತ್ತಿರಲಿಲ್ಲ — ಆಮೇಲೆ ಅಪ್ಪ ಕನ್ನಡಕ ತೆಗೆದ, ನಿಧಾನವಾಗಿ, ಒಂದೊಂದನ್ನೂ ಬಿಡಿಸಿ, ಮಾರ್ಸಲಿ, ಕ್ಯಾಥರಿನ್, ಬೀಟನ್. ಮೊದಲಿಗೆ ಖುಷಿಯಾಯಿತು ಅವಳಿಗೆ. ಅದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ, ಇಡೀ ಊರಿನ ನಡುವೆ ಇಬ್ಬರಿಗೆ ಮಾತ್ರ ಗೊತ್ತಿರುವ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು, ಹೆಸರು ಸೂಚಿಸಬೇಕಲ್ಲ, ಅದನ್ನೇ ಆಟದ ದನಿಯಲ್ಲಿ ಸೂಚಿಸುತ್ತಿದ್ದಾನೆ ಎಂದುಕೊಂಡಳು, ಎದ್ದು ನಿಲ್ಲಲು ಅರ್ಧ ಎದ್ದೂಬಿಟ್ಟಿದ್ದಳು, ಬಾಯ್ತುಂಬ ನಗು. ಅವನ ಮುಖ ನೋಡಿದಳು. ಮುಖದಲ್ಲಿ ಅಪ್ಪ ಇರಲಿಲ್ಲ. ಆಟವಲ್ಲ ಅದು, ಹೊರಗೆ ಹಾಕುತ್ತಿದ್ದ, ಸಭೆಗೆ ಕೇಳಿಸಿದ್ದು ಅಪ್ಪನೊಬ್ಬ ಮಗಳನ್ನು ಹೊಗಳುವುದು, ಅವಳಿಗೆ ಕೇಳಿಸಿದ್ದು ತಟ್ಟೆ ಬಿಟ್ಟು ಏಳು ಎಂದು, ಅವನಿಗೆ ಗೊತ್ತಿತ್ತು ಅವಳು ಏಳುತ್ತಾಳೆಂದು, ಅಷ್ಟು ವರ್ಷ ಆಲೂಗಡ್ಡೆ ತಿನ್ನಿಸಿ ಪಳಗಿಸಿದ್ದಾನಲ್ಲ. ಎದ್ದಳು. ಪಕ್ಷ ಮೋಸ ಮಾಡಲಿ, ನಾಯಕ ಮಾಡಲಿ, ಅವರಿರುವುದೇ ಅದಕ್ಕೆ, ಅಪ್ಪ ಅವಳನ್ನು ಮಾರಿಕೊಂಡ, ಮಾರಲು ಮನೆಯ ಮೇಜಿನ ಮಾತನ್ನೇ ಬಳಸಿದ, ಬೇರೆ ಯಾವ ಮಾತಾಗಿದ್ದರೂ ಅವಳು ಅಲ್ಲೇ ನಿಂತು ಸುಳ್ಳುಗಾರ ಎನ್ನುತ್ತಿದ್ದಳು.

ಬೆಳಕಿನ ಪಟ್ಟಿ ತುಂಡಾಯಿತು. ಬೂಟುಗಳು. ಕರಿ, ಹೊಸವು, ಬಂದು ಬಾಗಿಲಿಗೆ ಅಂಟಿ ನಿಂತವು, ಬಂದ, ಬಂದೇಬಿಟ್ಟ, ಪ್ರತಿ ಸಲ ಬಂದವನು ಈ ಸಲವೂ ಬಂದ, ಏನೋ ತಪ್ಪಾಗಿದೆ, ಏನೋ ಲೆಕ್ಕಾಚಾರ ಇರಬೇಕು ಅವನದು, ಈಗ ಹೇಳುತ್ತಾನೆ, ಒಲೆ ಕ್ಷೇತ್ರದ ಮಾನ್ಯ — ಬೆಂಚಿನಿಂದ ಜಾರಿ ನೆಲಕ್ಕೆ ಕೂತಳು, ನೆಲ ಒದ್ದೆ, ಕೆನ್ನೆಯನ್ನು ನೆಲಕ್ಕೆ ಇಟ್ಟಳು, ಪಾರ್ಲಿಮೆಂಟಿನ ಸದಸ್ಯೆ, ಪೆಪ್ಪರಮೆಂಟು ಚೀಪುತ್ತಾ. ಹಳದಿ ಚೀಟಿ ಕಂಡಿತು. ಹಿಮ್ಮಡಿಯ ಚೀಟಿ. ಚೀಟಿ ಈ ಕಡೆಗಿದೆ ಎಂದರೆ ಹಿಮ್ಮಡಿ ಈ ಕಡೆಗೆ, ಬೆರಳು ಆ ಕಡೆಗೆ, ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾನೆ. ಕರೆಯಲು ಬಂದದ್ದಲ್ಲ. ದನಿ ಕೇಳಿಸಿತು, ಎಲ್ಲರಿಗೂ ಹಿತವಾಗುವ ಆ ದನಿ, ಬೇಡಪ್ಪ, ಈಗ ಯಾರೂ ಒಳಗೆ ಹೋಗ್ಬೇಡಿ, ಮನಸ್ಸು ತುಂಬಿಬಂದಿದೆ ಅವಳಿಗೆ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ಚಪ್ಪಲಿ ಎಳೆಯುವ ಸದ್ದು, ಅಮ್ಮ. ಆ ಕಡೆ ಸರಿ ಲಾಕ್ಲನ್. ಬರ್ನಡೆಟ್, ಟೀ ನೋಡ್ಕೋ ಹೋಗು. ಟೀ ಹಾಳಾಗ್ಹೋಗಲಿ, ಅವಳು ದಣಿದಿಲ್ಲ, ಬೆಳಿಗ್ಗೆ ನನ್ನ ಅಡುಗೆಮನೇಲಿ ಕುಣೀತಿದ್ಲು. ಊರೆದುರು ಬೇಡ ಕಣೇ. ಊರೆದುರೇ ಹೇಳ್ತೀನಿ, ಥೆಲ್ಮಾ, ಬರ್ಕೋ, ನನ್ನ ಮಗಳ ಹೆಸರು ಹೇಳ್ತಿದೀನಿ, ಮಾರ್ಸಲಿ. ಬರೀ ಮಾರ್ಸಲಿ, ಕ್ಯಾಥರಿನ್ ಇಲ್ಲ, ಬೀಟನ್ ಇಲ್ಲ, ಬಾ ಊಟಕ್ಕೆ ಎನ್ನುವಾಗಿನ ಹಾಗೆ. ಸಭೆ ಗುಜುಗುಟ್ಟಿತು, ಹಿಂದಿನಿಂದ ಯಾರೋ ಹೆಂಗಸು, ಹೂಂ, ನಂದೂ ಒಪ್ಪಿಗೆ, ಎಂದಳು, ಯಾರದೋ ದನಿ, ಡಾಂಬರಿನ ಮುದುಕಿಯದಿರಬೇಕು. ಥೆಲ್ಮಾ, ಸರಿ, ಆದರೆ ಅವಳು ಇಲ್ಲಿಗೆ ಬಂದು ಒಪ್ಪಬೇಕು, ನಿಯಮ, ಮಾರ್ಸಲಿ ಎಲ್ಲಿ, ಬರ್ತಾಳಾ, ಮೂರನೇ ಸಲ ಕೇಳೋಕ್ಕೆ ಮುಂಚೆ ಬರಲಿ, ಕಾಯ್ತೀವಿ.

ಎದ್ದಳು. ಹಿಡಿಯ ಮೇಲೆ ಕೈ, ತಣ್ಣಗಿದೆ, ಬಾಗಿಲು ಆ ಕಡೆಗೆ ತೆರೆಯುವಂಥದು, ತಳ್ಳಿದರೆ ಸಾಕು, ಅಪ್ಪನ ಬೆನ್ನಿಗೆ ತಾಗುತ್ತದೆ, ತಾಗಲಿ, ಎದೆಯ ಹೊಲಿಗೆ ಮುಂದಿದೆ ಬೆನ್ನಲ್ಲಿಲ್ಲ, ತಳ್ಳೇ, ಮಂತ್ರಿಯ ಮುಖಕ್ಕೆ ಹೇಳಿದವಳು, ಇಡೀ ಸದನಕ್ಕೆ ಇಲ್ಲ ಎಂದವಳು, ತಳ್ಳು, ಕಾಯುತ್ತಿದ್ದಾರೆ, ಅಮ್ಮ ನಿಂತಿದ್ದಾಳೆ, ಜೀವನದಲ್ಲಿ ಮೊದಲ ಸಲ ಅಮ್ಮನಿಗೆ ಮಾತಾಡಲು ಸಮಯ ಸಿಕ್ಕಿದೆ ಸಭಾಧ್ಯಕ್ಷರೇ — ಕೈ ಹಿಡಿಯ ಮೇಲೇ ಇದೆ, ಕಣ್ಣು ಮಾತ್ರ ಕೆಳಗೆ ಹೋಗುತ್ತದೆ, ಮತ್ತೆ ಮತ್ತೆ ಕೆಳಗೆ, ತಿರುಗುತ್ತಾನೆ, ಅಪ್ಪ ತಿರುಗುತ್ತಾನೆ, ಅವನೇ ತಿರುಗಿ ಅವನೇ ತೆಗೆಯಲಿ, ಒಂದು ಮಾತು ಅನ್ನಲಿ, ಆಲೂಗಡ್ಡೆ ಆರ್ತಿದೆ ಅಂತಲಾದರೂ, ತಾನಾಗಿ ಬಾಗಿಲು ತೆರೆದು ಒಳಗೆ ಹೋದದ್ದು ಒಂದು ದಿನವೂ ಇಲ್ಲ ಅವಳು, ಕರೆಯದೆ ಹೋಗುವುದು ಹೇಗೆಂದೇ ಗೊತ್ತಿಲ್ಲ, ಅಪ್ಪ, ತಿರುಗು, ಮೂರನೇ ಸಲ ಕೇಳ್ತಿದೀನಿ, ತಿರುಗು ಅಪ್ಪ, ಬಾರೇ ಮಾರ್ಸಲಿ, ಅದು ಅಮ್ಮ, ಅಮ್ಮ ಅಲ್ಲ, ಅಪ್ಪ ಕರೆಯಬೇಕು, ಕೊನೇ ಸಲ, ಬರಲಿಲ್ವಾ, ಸರಿ ಹಾಗಾದ್ರೆ, ಶ್ರೀ ವಿಕರ್ಸ್, ಮುಗೀತು, ಚಪ್ಪಾಳೆ, ಕುರ್ಚಿಗಳು, ನೆಲಕ್ಕೆ ಬಡಿಯುವ ಕಾಲುಗಳು, ಎಷ್ಟೊಂದು ಕಾಲುಗಳು, ಅವುಗಳ ಮುಂದೆ ಎರಡು ಕರಿ ಹಿಮ್ಮಡಿ, ಒಂದರ ಮೇಲೆ ಹಳದಿ ಚೀಟಿ, ಅಲುಗದೆ, ಹಿಮ್ಮಡಿ ಈ ಕಡೆಗೆ, ಹಿಮ್ಮಡಿ ಈ ಕಡೆಗೆ